ನಿಮಗೇನು ಕಡಿಮೆ ಮಾರಾಯ್ರೇ

ಅಡಿಕೆ ಬೆಳೆಗಾರನಿಗೆ ಬೇಸರ ಹಿಡಿದಿದೆ ಎಂದರೆ ನಂಬುವವರು ಕಡಿಮೆ. ಬಯಲುಸೀಮೆಯ ರೈತನಿಗೆ ಮಳೆ ಕೈಕೊಟ್ಟಿತು, ಬೋರ್‌ವೆಲ್ ಬತ್ತಿತು, ಈರುಳ್ಳಿಗೆ ರೇಟಿಲ್ಲ ಎಂದು ಹೇಳಿಕೊಳ್ಳಲು ಕಾರಣವಾದರೂ ಇರುತ್ತದೆ. ನಮಗೆ ಮಳೆಗೆ ಬರವಿಲ್ಲ, ಅಡಿಕೆಗೆ ಧಾರಣೆ ಇದೆ, ಅಂಗಳದಲ್ಲಿ ಕಾರು ನಿಂತಿದೆ, ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. "ನಿಮಗೇನು ಕಡಿಮೆ ಮಾರಾಯ್ರೇ" ಎಂದು ಸೊಸೈಟಿ ಜಗಲಿಯಲ್ಲಿ ಕೇಳುವವರಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

2022ರಲ್ಲಿ ದೇಶದಲ್ಲಿ ಕೃಷಿಯನ್ನು ನಂಬಿದ 11,290 ಮಂದಿ ಆತ್ಮಹತ್ಯೆ ಮಾಡಿಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಮಹಾರಾಷ್ಟ್ರ ಬಿಟ್ಟರೆ ಹೆಚ್ಚು ನಮ್ಮ ರಾಜ್ಯದಲ್ಲೇ. ಅಂಥ ಮನೆಗೆ ಅಧಿಕಾರಿಗಳು ಬಂದಾಗ ಮೊದಲು ನೋಡುವುದು ಸಾಲದ ಕಾಗದ. ಪರಿಹಾರ ಕೊಡಬೇಕಾದ ಸರಕಾರ ಅದನ್ನು ನೋಡಲೇಬೇಕು. ಸಾಲ ದೊಡ್ಡ ಕಾರಣವೂ ಹೌದು. ಕಷ್ಟವೆಂದರೆ ಊರವರೂ, ನೆಂಟರೂ, ಕೊನೆಗೆ ನಾವೂ ಅದೇ ಕಾಗದ ಹಿಡಿದು ಸಂಕಟ ಅಳೆಯುತ್ತೇವೆ. ನನಗೆ ಇದ್ದದ್ದು ಸೊಸೈಟಿಯ ಬೆಳೆಸಾಲ ಮಾತ್ರ. ಹಾಗಾಗಿ ನನಗೆ ಸಂಕಟಪಡುವ ಹಕ್ಕೇ ಇರಲಿಲ್ಲ.

ನಮ್ಮದು ತೀರ್ಥಹಳ್ಳಿಗೂ ಕೊಪ್ಪಕ್ಕೂ ನಡುವಿನ ಒಂಟಿಮನೆ. ಪಕ್ಕದ ಮನೆಗೆ ಹೋಗಬೇಕೆಂದರೆ ಒಂದು ಗುಡ್ಡ ಇಳಿದು ಹಳ್ಳ ದಾಟಬೇಕು. ಮಳೆಗಾಲ ಹಿಡಿಯಿತೆಂದರೆ ಹಳ್ಳದ ಸಂಕ ಮುಳುಗುತ್ತದೆ, ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆ ಟವರೂ ಹೋಗುತ್ತದೆ. ಆಗುಂಬೆಯ ಮಳೆ ನೋಡಲು ಬರುವವರು ಎರಡು ದಿನ ಇದ್ದು ಫೋಟೊ ತೆಗೆದುಕೊಂಡು ಖುಷಿಯಾಗಿ ಹೋಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರೊಳಗೇ ಬದುಕುವವರ ಕತೆ ಬೇರೆ.

ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ ಬೋರ್ಡೊ ದ್ರಾವಣ ಹೊಡೆಯಬೇಕು. ಎರಡನೆಯ ಸಲದ್ದು ಬೀಳುವುದೇ ಪುಷ್ಯ ಮಳೆಯ ಆಸುಪಾಸಿಗೆ. ಹೊಳವಾಗಬೇಕು, ಹೊಳವಾದ ದಿನವೇ ಮರ ಹತ್ತುವವರು ಸಿಗಬೇಕು. ಹೊಳವು ಇಡೀ ಊರಿಗೆ ಒಟ್ಟಿಗೆ ಆಗುತ್ತದೆ, ಮರ ಹತ್ತುವವರು ಮಾತ್ರ ಊರಿಗೆಲ್ಲ ನಾಲ್ಕೇ ಜನ. ಬೆಳಿಗ್ಗೆ ಎದ್ದು ಆಕಾಶ ನೋಡುವುದು, ಫೋನ್ ಮಾಡುವುದು, "ನಾಳೆ ಬರ್ತೀವಿ ಗೌಡ್ರೇ" ಎನ್ನಿಸಿಕೊಳ್ಳುವುದು, ಮಧ್ಯಾಹ್ನ ಮತ್ತೆ ಮಳೆ ಹೊಯ್ಯುವುದು. ಹೀಗೆ ವಾರಗಟ್ಟಲೆ ಕಾದವನಿಗೆ ಮರದ ಬುಡದಲ್ಲಿ ಉದುರಿದ ಹಸಿ ಅಡಿಕೆ ಕಂಡಾಗ ಹೊಟ್ಟೆಯಲ್ಲಿ ಏನಾಗುತ್ತದೆಂದು ತೋಟ ಮಾಡಿದವರಿಗೆ ಹೇಳಬೇಕಿಲ್ಲ.

ಅದಾದರೂ ಅಜ್ಜನ ಕಾಲದಿಂದ ಇದ್ದದ್ದು. ಅದರ ಮೇಲೆ ಎಲೆಚುಕ್ಕಿ ಬಂತು. ಸೋಗೆಯ ಮೇಲೆ ಮೊದಲು ಸಣ್ಣ ಕಂದು ಚುಕ್ಕಿ, ಸುತ್ತ ಹಳದಿ ಅಂಚು. ಆಮೇಲೆ ಚುಕ್ಕಿಗೆ ಚುಕ್ಕಿ ಕೂಡಿಕೊಂಡು ಕೆಳಗಿನ ಸೋಗೆಗಳೆಲ್ಲ ಸುಟ್ಟ ಹಾಗೆ ಒಣಗಿ ಜೋತುಬಿದ್ದವು. ಅಪ್ಪಯ್ಯ ನೆಟ್ಟ ಮರಗಳು. ಧಾರಣೆ ಒಳ್ಳೆಯದಿದ್ದ ವರ್ಷವೇ ಕೊಡಲು ಅಡಿಕೆ ಇಲ್ಲ.

ನನ್ನ ಬೇಸರ ಎಲ್ಲಿಂದ ಶುರುವಾಯಿತೆಂದು ಹೇಳಲಾರೆ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಹೊಟ್ಟೆಯುಬ್ಬರ, ಎದೆಯಲ್ಲಿ ಭಾರ; ಗ್ಯಾಸ್ ಮಾತ್ರೆ ನುಂಗುತ್ತಿದ್ದೆ. ಮಗಳ ಫೋನ್ ಬಂದರೆ "ನೀನೇ ಮಾತಾಡು" ಎಂದು ಹೆಂಡತಿಗೆ ಕೊಡುತ್ತಿದ್ದೆ. ತೋಟಕ್ಕೆ ಇಳಿಯುವುದನ್ನೇ ಬಿಟ್ಟೆ. ತಂದಿಟ್ಟ ಮೈಲುತುತ್ತದ ಚೀಲ ಕೊಟ್ಟಿಗೆಯ ಮೂಲೆಯಲ್ಲಿ ಹಾಗೇ ಕೂತಿತ್ತು. ಅದನ್ನು ಬಿಚ್ಚಬೇಕೆಂಬ ಒಂದು ಕೆಲಸವೇ ಗುಡ್ಡ ಹತ್ತುವಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಈ ಒಂಟಿತನ ನಮ್ಮ ಅಪ್ಪಂದಿರ ಕಾಲದಲ್ಲಿ ಇರಲಿಲ್ಲವೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮನೆಗಳು ಆಗಲೂ ದೂರವೇ ಇದ್ದವು, ಮಳೆ ಇನ್ನೂ ಹೆಚ್ಚೇ ಇತ್ತು. ಆದರೆ ಕೆಲಸ ಒಬ್ಬನೇ ಮಾಡುವಂಥದ್ದಾಗಿರಲಿಲ್ಲ. ಕೊಯ್ಲಿನ ಕಾಲದಲ್ಲಿ ಒಂದೊಂದು ರಾತ್ರಿ ಒಬ್ಬೊಬ್ಬರ ಮನೆಯಲ್ಲಿ ಸುಲಿಯುವ ಮೇಳ. ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕೂತು ಹನ್ನೊಂದು ಗಂಟೆಯವರೆಗೆ ಅಡಿಕೆ ಸುಲಿಯುವುದು, ಮಧ್ಯೆ ಬೆಲ್ಲದ ಕಾಫಿ, ಯಾವ ಮೇಳದ ಆಟ ಎಲ್ಲಿದೆ, ಯಾರ ದನ ಯಾರ ಗದ್ದೆಗೆ ನುಗ್ಗಿತು ಎಂಬ ಪಂಚಾಯಿತಿ. ದುಃಖ ಹೇಳಿಕೊಳ್ಳಲೆಂದು ಯಾರೂ ಬರುತ್ತಿರಲಿಲ್ಲ. ಕೈ ತನ್ನ ಪಾಡಿಗೆ ಸುಲಿಯುತ್ತಿರುವಾಗ, ಕಣ್ಣು ಕತ್ತಿಯ ಮೇಲಿರುವಾಗ, ಎದುರುಬದುರು ಕೂತು ಹೇಳಲಾಗದ್ದು ಗಂಡಸರ ಬಾಯಿಂದಲೂ ಹೊರಬರುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ನಾನೂ ಕೊಂಡಿದ್ದೇನೆ, ಬೇಡವೆನ್ನಲಾರೆ. ಆಳು ಸಿಗದ ಕಾಲದಲ್ಲಿ ಅದಿಲ್ಲದಿದ್ದರೆ ಅಡಿಕೆ ಅಂಗಳದಲ್ಲೇ ಕೊಳೆಯುತ್ತಿತ್ತು. ಆದರೆ ಅದರ ಸದ್ದಿನಲ್ಲಿ ಪಕ್ಕದಲ್ಲಿ ನಿಂತವನ ಜೊತೆಗೂ ಮಾತಾಡಲಾಗುವುದಿಲ್ಲ.

ಈ ವಿಷಯದಲ್ಲಿ ನಮ್ಮ ಹೆಂಗಸರು ಒಂದು ಹೆಜ್ಜೆ ಮುಂದಿದ್ದಾರೆ. ವಾರಕ್ಕೊಮ್ಮೆ ಸ್ವಸಹಾಯ ಸಂಘದ ಸಭೆ ಇರುತ್ತದೆ. ಹತ್ತಿಪ್ಪತ್ತು ರೂಪಾಯಿ ಉಳಿತಾಯದ ನೆಪ; ಅರ್ಧ ಗಂಟೆಯ ಲೆಕ್ಕಕ್ಕೆ ಎರಡು ಗಂಟೆ ಕೂತು ಬರುತ್ತಾರೆ. ಗಂಡಸರಿಗೆ ಅಂಥ ನೆಪವಿಲ್ಲ, ಇರುವುದು ಬಾರು. ನನ್ನನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದು ತೀರ್ಮಾನವಾದದ್ದೂ ಆ ಸಂಘದಲ್ಲೇ ಎಂದು ನನಗೆ ಗುಮಾನಿ.

"ತಲೆ ಡಾಕ್ಟ್ರು" ಎಂದರೆ ಶಿವಮೊಗ್ಗಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕು ಎಂದುಕೊಂಡಿದ್ದೆ. ತಾಲ್ಲೂಕು ಆಸ್ಪತ್ರೆಯಲ್ಲೇ 'ಮನೋಚೈತನ್ಯ' ಎಂಬ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆಂದು ಆಶಾ ಕಾರ್ಯಕರ್ತೆ ಹೇಳಿದ್ದು. ಮನಸ್ಸಿನ ಕಾಯಿಲೆಗೆ ದೊಡ್ಡ ಆಸ್ಪತ್ರೆ ಬೇಕಿಲ್ಲ, ಹಳ್ಳಿಯ ಹತ್ತಿರದಲ್ಲೇ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಂತೆ. 1985ರಿಂದ ನಿಮ್ಹಾನ್ಸ್‌ನವರು ಅಲ್ಲಿ ನಡೆಸಿದ ಪ್ರಯೋಗವೇ ಮುಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇದೆಲ್ಲ ಆಮೇಲೆ ತಿಳಿದದ್ದು. ಆ ದಿನ ನನಗಿದ್ದದ್ದು ಒಂದೇ ಚಿಂತೆ, ಆ ಕೋಣೆಯ ಮುಂದಿನ ಬೆಂಚಿನಲ್ಲಿ ನಮ್ಮ ಊರಿನವರು ಯಾರಾದರೂ ನೋಡಿದರೆ? ಬೆಂಚಿನಲ್ಲಿ ನಮ್ಮ ಊರಿನವರೇ ಇಬ್ಬರು ಕೂತಿದ್ದರು. ಅವರೂ ಮುಖ ತಿರುಗಿಸಿದರು, ನಾನೂ ತಿರುಗಿಸಿದೆ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಸಾಲದ ಬಗ್ಗೆ ಕೇಳಲಿಲ್ಲ. ನಿದ್ದೆ, ಊಟ, ಮೊದಲು ಖುಷಿ ಕೊಡುತ್ತಿದ್ದ ಕೆಲಸ ಈಗಲೂ ಕೊಡುತ್ತದೆಯೇ ಎಂದು ಕೇಳಿದರು. ಸಾಯಬೇಕು ಅನ್ನಿಸಿದೆಯೇ ಎಂದೂ ನೇರವಾಗಿಯೇ ಕೇಳಿದರು. ಯಾರಾದರೂ ಆ ಪ್ರಶ್ನೆ ಕೇಳಿದರಲ್ಲ ಎಂದು ಎದೆ ಹಗುರಾಯಿತು. ಆಮೇಲೆ ಹೆಂಡತಿಯ ಕಡೆ ತಿರುಗಿ, ತೋಟಕ್ಕೆ ಹೊಡೆಯುವ ಕೀಟನಾಶಕ, ಕಳೆನಾಶಕ ಮನೆಯಲ್ಲಿ ಎಲ್ಲಿಡುತ್ತೀರಿ ಎಂದು ಕೇಳಿದರು. ಅವತ್ತು ಸಂಜೆಯೇ ಇದ್ದಬದ್ದ ಡಬ್ಬಿಗಳೆಲ್ಲ ಹಳ್ಳದಾಚೆ ಮನೆಯ ಕಬ್ಬಿಣದ ಪೆಟ್ಟಿಗೆ ಸೇರಿದವು; ಬೀಗದಕೈ ಆ ಮನೆಯವರ ಹತ್ತಿರ. ಈಗಲೂ ಹಾಗೇ ಇದೆ. ಇದು ಚಿಲ್ಲರೆ ಮುಂಜಾಗ್ರತೆಯಲ್ಲ. ಶ್ರೀಲಂಕಾದಲ್ಲಿ ತೀರಾ ಅಪಾಯದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು; 1995ರಿಂದ 20 ವರ್ಷಗಳಲ್ಲಿ ಆ ದೇಶದ ಆತ್ಮಹತ್ಯೆ ಪ್ರಮಾಣ ಶೇ 70ರಷ್ಟು ಇಳಿಯಿತು. ಕೆಟ್ಟ ಗಳಿಗೆ ಬರುತ್ತದೆ, ಹೋಗುತ್ತದೆ. ಆ ಗಳಿಗೆಯಲ್ಲಿ ಡಬ್ಬಿ ಕೈಗೆ ಸಿಗಬಾರದು, ಅಷ್ಟೇ.

ಮಾತ್ರೆ ಹತ್ತಲು ಎರಡು–ಮೂರು ವಾರ ಬೇಕು, ಆರಾಮಾಯಿತೆಂದು ನೀವೇ ನಿಲ್ಲಿಸಬೇಡಿ ಎಂದಿದ್ದರು. ಮೊದಲು ಸರಿಯಾದದ್ದು ನಿದ್ದೆ. ಉಳಿದದ್ದು ನಿಧಾನಕ್ಕೆ.

ಧೈರ್ಯ ಹೇಳಿದವರು ಬಹಳ ಜನ. ಒಬ್ಬರು ಕಾಳಸರ್ಪ ಶಾಂತಿ ಮಾಡಿಸಿ ಎಂದರು, ಒಬ್ಬರು ದಿನಕ್ಕೊಂದು ಪ್ರವಚನದ ವಿಡಿಯೊ ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ. ಕೆಲಸಕ್ಕೆ ಬಂದದ್ದು ಹಳ್ಳದಾಚೆಯವರ ಮಾತು: "ನಾಳೆ ಬೆಳಿಗ್ಗೆ ಬರ್ತೀನಿ, ರಾತ್ರಿ ಮೈಲುತುತ್ತ ನೆನೆಹಾಕಿಡಿ." ತೋಟ ಪೂರ್ತಿ ನೋಡು ಎಂದಿದ್ದರೆ ಆಗುತ್ತಿರಲಿಲ್ಲ. ಒಂದು ಕಿಲೋ ಮೈಲುತುತ್ತ ಬಟ್ಟೆಯಲ್ಲಿ ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ಇಳಿಬಿಡುವುದು ಆಯಿತು. ಬೆಳಿಗ್ಗೆ ಅವರು ಬಂದು ಇನ್ನೊಂದು ಡ್ರಮ್ಮಿನಲ್ಲಿ ಒಂದು ಕಿಲೋ ಸುಣ್ಣ ಕದಡಿದರು. ಎರಡೂ ಸೇರಿ ನೂರು ಲೀಟರ್ ಮಾಡಿ, ಪಾಕ ಸರಿಯಾಗಿದೆಯೇ ಎಂದು ನೋಡಲು ಕತ್ತಿಯ ತುದಿ ಅದ್ದಿದೆವು. ಕತ್ತಿ ಕೆಂಪಾಯಿತು. "ಇನ್ನೂ ಸುಣ್ಣ ಬೇಕು ಮಾರಾಯ್ರೇ" ಎಂದರು. ಅದಕ್ಕಿಂತ ಹೆಚ್ಚಿನ ಮಾತೇನೂ ಅವತ್ತು ಆಗಲಿಲ್ಲ.

ಈಗ ಮೂರು ಮನೆಯವರು ಮುಯ್ಯಾಳು ಮಾಡಿಕೊಂಡಿದ್ದೇವೆ; ದೋಟಿ, ಪಂಪು ಮೂವರದ್ದೂ. ಎಲೆಚುಕ್ಕಿಗೆ ಒಬ್ಬನೇ ಹೊಡೆದು ಪ್ರಯೋಜನವೂ ಇಲ್ಲ, ಗಾಳಿ ಮಳೆಗೆ ಪಕ್ಕದ ತೋಟದಿಂದ ಮತ್ತೆ ಬರುತ್ತದೆ. ಸರಕು ದರ್ಜೆಯ ಅಡಿಕೆಯನ್ನು ಯಂತ್ರಕ್ಕೆ ಹಾಕದೆ ನಮ್ಮ ಮನೆಯ ಜಗಲಿಯಲ್ಲೇ ಕೂತು ಸುಲಿಯುತ್ತೇವೆ. ಧಾರಣೆಯನ್ನು ಫೋನಿನಲ್ಲಿ ಗಂಟೆಗೊಮ್ಮೆ ನೋಡುವ ಚಟ ಬಿಟ್ಟಿದ್ದೇನೆ. ಮಾರುವ ವಾರ ನೋಡಿದರೆ ಸಾಕು. 14416, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅದನ್ನು ಸೊಸೈಟಿಯ ಗೋಡೆಯಲ್ಲಿ ಗೊಬ್ಬರದ ಪೋಸ್ಟರಿನ ಪಕ್ಕ ಅಂಟಿಸಿದ್ದೇನೆ. ಮಳೆಗಾಲದಲ್ಲಿ ಫೋನ್ ಮಾಡಲು ಗುಡ್ಡದ ನೆತ್ತಿ ಹತ್ತಬೇಕು, ಅದು ಬೇರೆ ಮಾತು.

ರೋಗ ತೋಟದಲ್ಲಿ ಈಗಲೂ ಇದೆ. ನನ್ನ ಮಾತ್ರೆಯೂ ಒಂದು ಉಳಿದಿದೆ.

ಹೋದ ಮಳೆಗಾಲದಲ್ಲಿ ನಮ್ಮ ದಾಯಾದಿ ಹುಡುಗನೊಬ್ಬ ಮಾತು ಬಿಟ್ಟಿದ್ದ. ಮೂವತ್ತೈದು ದಾಟಿದೆ, ತೋಟ ಮಾಡಿಕೊಂಡಿರುವವನಿಗೆ ಹೆಣ್ಣು ಕೊಡುವವರಿಲ್ಲ, ಮನೆಯಲ್ಲಿ ವಯಸ್ಸಾದ ತಾಯಿ ಮಾತ್ರ. "ಮಂಗಳವಾರ ನಂಗೆ ಆಸ್ಪತ್ರೆಗೆ ಹೋಗೋದಿದೆ, ಬೈಕಲ್ಲಿ ಬಿಡ್ತೀಯೇನೋ" ಎಂದು ಕರೆದೆ. ಬಂದ. ನಾನು ಚೀಟಿ ಮಾಡಿಸುವ ಸಾಲಿನಲ್ಲಿ ನಿಂತಾಗ ಅವನೂ ಹಿಂದೆ ನಿಂತಿದ್ದ.

"ಚಿಕ್ಕಪ್ಪಯ್ಯ, ನಾನೂ ಒಂದು ಚೀಟಿ ಮಾಡಿಸ್ಲಾ? ಏನು ತೊಂದ್ರೆ ಅಂತ ಕೇಳಿದ್ರೆ ಎಂಥ ಹೇಳೋದು?"

"ನಿದ್ದೆ ಬರಲ್ಲ ಅನ್ನು, ಸಾಕು. ಉಳಿದಿದ್ದು ಅವರೇ ಕೇಳ್ತಾರೆ."