ಮೂರು ರವೆಯ ಉಂಗುರ

ನನ್ನ ಬಲಗೈಯ ಬೆಳ್ಳಿಯುಂಗುರ ನೋಡಿ ಯಾರಾದರೂ ಎಲ್ಲಿ ತಗೊಂಡದ್ದು ಎಂದರೆ ‘ನಾನೇ ಮಾಡಿದ್ದು’ ಅನ್ನುತ್ತೇನೆ. ಕೇಳಿದವರ ಹುಬ್ಬು ಮೇಲೇರುತ್ತದೆ. ನನ್ನ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬಾಲಿಯ ಚೆಲುಕ್ ಎಂಬ ಊರಿನಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆ ಕೂತು ಮಾಡಿದ ಆ ಉಂಗುರದಲ್ಲಿ ನನ್ನ ಪಾಲೆಷ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಅಕ್ಕಸಾಲಿಗನ ಪಾಲೆಷ್ಟು ಎಂಬ ಲೆಕ್ಕ ನನಗಿನ್ನೂ ಬಗೆಹರಿದಿಲ್ಲ.

ದೆನ್‌ಪಸಾರ್‌ನಿಂದ ಉಬುದ್‌ಗೆ ಹೋಗುವ ದಾರಿಯಲ್ಲಿ ಊರಿಗೊಂದು ಕಸುಬು. ಬತುಬುಲಾನ್‌ನಲ್ಲಿ ಕಲ್ಲಿನ ಕೆತ್ತನೆ, ಮಾಸ್‌ನಲ್ಲಿ ಮರದ ಕೆತ್ತನೆ, ನಡುವಿನ ಚೆಲುಕ್‌ನಲ್ಲಿ ಬೆಳ್ಳಿ ಬಂಗಾರ. ಬಾಲಿಯಲ್ಲಿ ಬೆಳ್ಳಿಯ ಗಣಿಯಿಲ್ಲ. ಲೋಹ ಹೊರಗಿನಿಂದ ಬರಬೇಕು, ಕೈ ಮಾತ್ರ ಊರಿನದು. ಲೋಹದ ಕೆಲಸ ಅಲ್ಲಿ ಹಿಂದಿನಿಂದ ಪಾಂಡೆ ಎಂಬ ಕುಲದವರದು. ನಮ್ಮ ಆಯುಧಪೂಜೆಯಂಥ ಹಬ್ಬವೂ ಅವರಿಗಿದೆ. ತುಂಪೆಕ್ ಲಂದೆಪ್ ಅಂತ ಹೆಸರು, 210 ದಿನಕ್ಕೊಮ್ಮೆ ಬರುತ್ತದೆ. ಹಿಂದೆ ಕಠಾರಿಗೆ ನಡೆಯುತ್ತಿದ್ದ ಪೂಜೆ ಈಗ ಕಾರಿಗೂ ಸ್ಕೂಟರಿಗೂ ನಡೆಯುತ್ತದೆ ಅಂದರೆ ನಮ್ಮವರಿಗೆ ಬೇರೆ ವಿವರಣೆ ಬೇಡ. 1970ರ ದಶಕದಿಂದ ಪ್ರವಾಸಿಗರು ಹೆಚ್ಚುತ್ತಾ ಹೋದಂತೆ ಚೆಲುಕ್‌ನ ಮುಖ್ಯರಸ್ತೆಯ ತುಂಬ ಗಾಜಿನ ಷೋರೂಮುಗಳೆದ್ದವು. ಟೂರಿಸ್ಟ್ ಬಸ್ಸುಗಳು ನಿಲ್ಲುವುದು ಅವುಗಳ ಎದುರಿಗೆ. ಸುತ್ತಿಗೆಯ ಸದ್ದು ಕೇಳಬೇಕಾದರೆ ಹಿಂದಿನ ಗಲ್ಲಿಗಳಿಗೆ ನುಗ್ಗಬೇಕು.

ಇದು ತಿಳಿದದ್ದು ಒಮ್ಮೆ ಎಡವಿದ ಮೇಲೆ. ಇಳಿದುಕೊಂಡಿದ್ದ ಹೋಟೆಲಿನ ಹತ್ತಿರವೇ ‘ನಿಮ್ಮ ಆಭರಣ ನೀವೇ ಮಾಡಿ’ ಎಂಬ ಬೋರ್ಡು ನೋಡಿ ಮೊದಲ ದಿನವೇ ದುಡ್ಡು ಕಟ್ಟಿ ಕೂತಿದ್ದೆ. ಅಲ್ಲಿ ಮುಂಚೆಯೇ ಸಿದ್ಧವಾಗಿದ್ದ ಉಂಗುರವೊಂದನ್ನು ಕೈಗಿತ್ತು, ಅಕ್ಷರದ ಮೊಳೆಯಿಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ ಅಂದರು. ನಲವತ್ತು ನಿಮಿಷದಲ್ಲಿ ನನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳು ಡೊಂಕಾಗಿ ಮೂಡಿದವು. ಫೋಟೋ ತೆಗೆದು ಕಳಿಸಿದರು. ತಪ್ಪು ಅವರದ್ದೂ ಅಲ್ಲ, ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ. ಎಷ್ಟು ಗಂಟೆ, ಎಷ್ಟು ದುಡ್ಡು ಎಂದು ಕೇಳಿದ್ದೆನೇ ಹೊರತು, ಬೆಳ್ಳಿ ಯಾವ ರೂಪದಲ್ಲಿ ಕೈಗೆ ಬರುತ್ತದೆ, ಬೆಂಕಿಯ ಕೆಲಸ ಯಾರು ಮಾಡುತ್ತಾರೆ ಎಂದು ಕೇಳಿರಲಿಲ್ಲ. ಎರಡನೆಯ ಸಲ ಆ ಎರಡನ್ನೇ ಮೊದಲು ಕೇಳಿದೆ. ‘ತಗಡು, ತಂತಿ. ಬೆಂಕಿ ನೀವೇ’ ಎಂದ ಗಲ್ಲಿಯ ಮನೆಗೆ ಹೋದೆ.

ಆ ಮನೆಯ ಯಜಮಾನನ ಹೆಸರು ಬರೆಯುವುದಿಲ್ಲ. ಬರೆದರೂ ನಿಮಗೆ ಗುರುತು ಸಿಗಲಾರದು. ಬಾಲಿಯಲ್ಲಿ ಹೆಚ್ಚಿನವರಿಗೆ ಹುಟ್ಟಿದ ಕ್ರಮದ ಮೇಲೆಯೇ ಹೆಸರು, ವಯಾನ್, ಮಾಡೆ, ನ್ಯೋಮಾನ್, ಕೆತುತ್ ಎಂದು ಮನೆಮನೆಯಲ್ಲಿ ಅವೇ ಸುತ್ತುತ್ತಿರುತ್ತವೆ. ಎಲ್ಲರೂ ಕರೆಯುವಂತೆ ನಾನೂ ‘ಬ್ಲಿ’ ಎಂದೆ. ಅಣ್ಣ ಎಂದರ್ಥ. ವಯಸ್ಸು ಐವತ್ತರ ಸುಮಾರು. ಮರದ ದಪ್ಪ ಕೊರಡಿನಲ್ಲಿ ನೆಟ್ಟ ಕಬ್ಬಿಣದ ತುಂಡೇ ಅವನ ಅಡಿಗಲ್ಲು. ಅದರ ಪಕ್ಕದಲ್ಲಿ ಆ ಬೆಳಗ್ಗೆ ಇಟ್ಟ ತೆಂಗಿನಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು, ಒಂದು ಊದುಕಡ್ಡಿ. ಜೊತೆಗೆ ಕಲಿಯಲು ಬಂದವರು ಆಸ್ಟ್ರೇಲಿಯಾದ ಒಬ್ಬ ತಾಯಿ, ಅವಳ ಮಗಳು.

ನಾನು ಕಾಗದದ ಮೇಲೆ ಎಂಟು ಎಸಳಿನ ತಾವರೆ ಬರೆದುಕೊಂಡು ಹೋಗಿದ್ದೆ. ಬ್ಲಿ ಅದನ್ನು ಗೌರವದಿಂದ ನೋಡಿ, ಗೌರವದಿಂದಲೇ ಪಕ್ಕಕ್ಕಿಟ್ಟು, ಪೆನ್ಸಿಲ್ಲಿನಲ್ಲಿ ಒಂದು ಬಳೆಯಂಥ ಗೆರೆ ಎಳೆದು ಮೇಲೆ ಮೂರು ಚುಕ್ಕಿಯಿಟ್ಟ. ‘ಮೂರು ಗಂಟೆಗೆ ಇದು. ತಾವರೆಗೆ ಮೂರು ವಾರ ಇರಿ.’ ಒಳಗೊಳಗೇ ಮುನಿಸಾಯಿತು. ಚುಕ್ಕಿಗಳಲ್ಲವೇ, ಅದೇನು ಮಹಾ ಎಂದುಕೊಂಡೆ.

ಮೊದಲ ಪೆಟ್ಟು ಬಿದ್ದದ್ದು ಅಳತೆಯಲ್ಲಿ. ನನ್ನ ಬೆರಳಿಗೆ ಉಂಗುರದ ಒಳವ್ಯಾಸ 17 ಮಿಲಿಮೀಟರ್ ಬೇಕಿತ್ತು. ಶಾಲೆಯಲ್ಲಿ ಕಲಿತ ಗಣಿತ ಇದೆಯಲ್ಲ. ಗುಲಗಂಜಿಯಷ್ಟೂ ಅಳುಕಿಲ್ಲದೆ 17ನ್ನು 3.14ರಿಂದ ಗುಣಿಸಿ, 53 ಮಿಲಿಮೀಟರ್ ಚಿಲ್ಲರೆ ಎಂದು ಗುರುತು ಹಾಕಿ, ಪಟ್ಟಿ ಕತ್ತರಿಸಿಯೂಬಿಟ್ಟೆ. ಬಗ್ಗಿಸಿ ನೋಡಿದರೆ ಉಂಗುರ ಕಿರುಬೆರಳಿಗೆ! ಪಟ್ಟಿಗೆ ಒಂದೂವರೆ ಮಿಲಿಮೀಟರ್ ದಪ್ಪವಿತ್ತು. ಬಗ್ಗಿಸುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ, ಅಳತೆ ಉಳಿಯುವುದು ನಡುವಿನ ಗೆರೆಯಲ್ಲಿ. ಆದ್ದರಿಂದ ವ್ಯಾಸಕ್ಕೆ ದಪ್ಪವನ್ನೂ ಸೇರಿಸಿ ಗುಣಿಸಬೇಕು: ಹದಿನೆಂಟೂವರೆ ಗುಣಿಸು 3.14, ಅಂದರೆ 58. ಸುಮಾರು 5 ಮಿಲಿಮೀಟರ್ ಬೆಳ್ಳಿ ಕಡಿಮೆ ಬಿತ್ತು. ಬ್ಲಿಗೆ ಗುಣಾಕಾರ ಬೇಕಿರಲಿಲ್ಲ, ಕಾಗದದ ಪಟ್ಟಿಯನ್ನು ಬೆರಳಿಗೆ ಸುತ್ತಿ, ಅದರ ತುದಿಯಾಚೆ ತಗಡಿನ ದಪ್ಪವನ್ನು ಮೂರು ಸಲ ಇಟ್ಟು ಉಗುರಿನಿಂದ ಗೀರಿದ. ಹೊಸ ಪಟ್ಟಿ ಬಂತು, ಹಳೆಯದು ಮೂಸೆಯ ಡಬ್ಬಕ್ಕೆ ಹೋಯಿತು. ನನ್ನ ಶುಲ್ಕದಲ್ಲಿ ಸೇರಿದ್ದು 5 ಗ್ರಾಂ ಬೆಳ್ಳಿ, ಹೆಚ್ಚಾದರೆ ಗ್ರಾಂ ಲೆಕ್ಕದಲ್ಲಿ ಕೊಡಬೇಕು ಎಂದು ಮೊದಲೇ ಹೇಳಿದ್ದ. ಕೆಟ್ಟ ಪಟ್ಟಿಗೆ ಮಾತ್ರ ದುಡ್ಡು ಹಿಡಿಯಲಿಲ್ಲ. ಇನ್ನೊಂದು ಮಾತು: ಬಾಲಿಯ ಸೆಖೆಗೆ ಮಧ್ಯಾಹ್ನದ ಹೊತ್ತು ಬೆರಳು ಊದಿಕೊಂಡಿರುತ್ತದೆ. ಅಲ್ಲಿ ಬಿಗಿಯಾಗಿ ಕೂತ ಉಂಗುರ ಜನವರಿಯ ಬೆಂಗಳೂರಿನಲ್ಲಿ ಜಾರುತ್ತದೆ.

ಗರಗಸದ ಕಥೆ ಹೇಳದಿದ್ದರೇ ಒಳ್ಳೆಯದು. ನಾಲ್ಕು ಎಳೆ ಮುರಿದೆ. ಆಸ್ಟ್ರೇಲಿಯಾದ ಹುಡುಗಿ ಒಂದೂ ಮುರಿಯಲಿಲ್ಲ.

ಬೆಂಕಿಯ ಮೂಲೆಗೆ ಬಂದಾಗ ಅಲ್ಲಿ ಕತ್ತಲು. ದೀಪ ಹಾಕಲೇ ಎಂದೆ, ಬೇಡ ಎಂದು ಕೈಯಾಡಿಸಿದ. ಬೆಳಕಿದ್ದರೆ ಲೋಹದ ಬಣ್ಣ ಕಾಣುವುದಿಲ್ಲ, ಆ ಮೂಲೆಯಲ್ಲಿ ಉಷ್ಣತೆ ಅಳೆಯಲು ಇರುವುದು ಕಣ್ಣೊಂದೇ. ನಾವು ಕೆಲಸ ಮಾಡುತ್ತಿದ್ದುದು 925ರ ಬೆಳ್ಳಿ, ಅಂದರೆ ಸಾವಿರ ಪಾಲಿಗೆ 925 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅಪ್ಪಟ ಬೆಳ್ಳಿ 962 ಡಿಗ್ರಿಯ ಹತ್ತಿರ ಕರಗುತ್ತದೆ. ತಾಮ್ರ ಸೇರಿದ ಇದು 900 ಮುಟ್ಟುವ ಮೊದಲೇ ನೀರಾಗುತ್ತದೆ. ಬಡಿದು ಬಗ್ಗಿಸಿ ಸೆಟೆದುಕೊಂಡ ಬೆಳ್ಳಿಯನ್ನು ಮತ್ತೆ ಮೆದು ಮಾಡಲು ಅದಕ್ಕಿಂತ ಬಹಳ ಕೆಳಗೆ, ಕತ್ತಲಲ್ಲಿ ಮಾತ್ರ ಕಾಣುವ ಮಂಕು ಕೆಂಪಿಗೆ ತಂದು ಬಿಡಬೇಕು. ಬೆಂಕಿ ಬರುವುದು ಪೆಟ್ರೋಲಿನ ಡಬ್ಬದಿಂದ. ಕಾಲಿನಿಂದ ತಿದಿ ತುಳಿದರೆ ಗಾಳಿ ಪೆಟ್ರೋಲಿನ ಮೂಲಕ ಹಾದು, ಆವಿ ಹೊತ್ತು, ಕೊಳವೆಯ ತುದಿಯಲ್ಲಿ ಉರಿಯುತ್ತದೆ. ಕಾಲು ಒಂದು ತಾಳದಲ್ಲಿ, ಕೈ ಇನ್ನೊಂದು ತಾಳದಲ್ಲಿ. ಹೊಲಿಗೆ ಮಿಷನ್ ತುಳಿದು ಗೊತ್ತಿದ್ದವರಿಗೆ ಸುಲಭ ಇರಬಹುದು. ನನ್ನ ಉರಿ ಒಮ್ಮೆ ಬುಸ್ಸೆನ್ನುತ್ತಿತ್ತು, ಒಮ್ಮೆ ಆರಿಹೋಗುತ್ತಿತ್ತು.

ಬೆಸುಗೆ ಎಂದರೆ ಅಂಟು ಹಚ್ಚಿದ ಹಾಗೆ ಎಂದುಕೊಂಡವರು ಒಮ್ಮೆ ಇದನ್ನು ಮಾಡಬೇಕು. ಉಂಗುರದ ಎರಡು ತುದಿ ಕೂಡಿದ ಕಡೆ ಬಿಳಿಗಾರ ಸವರಿ, ಬೆಸುಗೆಯ ಚೂರಿಟ್ಟು, ನೇರ ಅದರ ಮೇಲೆಯೇ ಉರಿ ಬಿಟ್ಟೆ. ಚೂರು ದುಂಡಗೆ ಮುದುಡಿ ಅಲ್ಲೇ ಕೂತಿತು, ಒಳಗಿಳಿಯಲೇ ಇಲ್ಲ. ಬೆಳ್ಳಿಯಷ್ಟು ವೇಗವಾಗಿ ಶಾಖ ಸಾಗಿಸುವ ಲೋಹ ಇನ್ನೊಂದಿಲ್ಲ. ಒಂದು ಕಡೆ ಕೊಟ್ಟ ಶಾಖವನ್ನು ಉಂಗುರವೆಲ್ಲ ಹಂಚಿಕೊಂಡು ತಿಂದುಬಿಡುತ್ತದೆ. ಮೊದಲು ಇಡೀ ಉಂಗುರ ಕಾಯಬೇಕು, ಕೂಡು ಕೊನೆಗೆ. ಬೆಸುಗೆ ಎಲ್ಲಿ ಹೆಚ್ಚು ಶಾಖವಿದೆಯೋ ಅಲ್ಲಿಗೆ ಓಡುತ್ತದೆ. ‘ಪೆಲಾನ್ ಪೆಲಾನ್’ ಎಂದ ಬ್ಲಿ, ನಿಧಾನ ನಿಧಾನ. ಉರಿಯನ್ನು ಸುತ್ತ ಆಡಿಸುತ್ತಾ ಹೋದೆ. ಬಿಳಿಗಾರ ಮೊದಲು ಹಪ್ಪಳದಂತೆ ಉಬ್ಬಿ, ಆಮೇಲೆ ಗಾಜಿನಂತೆ ತಿಳಿಯಾಯಿತು. ಇದ್ದಕ್ಕಿದ್ದಂತೆ ಕೂಡಿನಲ್ಲಿ ಒಂದು ಹೊಳಪಿನ ಗೆರೆ ಸರ್ರನೆ ಹರಿದು ನಿಂತಿತು. ಒಂದು ಕ್ಷಣವೂ ಇರಲಿಕ್ಕಿಲ್ಲ. ಅದನ್ನು ಕಂಡ ಮೇಲೂ ಉರಿ ತೆಗೆಯದೆ ಬೆರಗಾಗಿ ನೋಡುತ್ತಿದ್ದೆ. ಬ್ಲಿ ನನ್ನ ಮಣಿಕಟ್ಟು ಹಿಡಿದು ಆಚೆ ಎಳೆದ. ಇನ್ನೆರಡು ಉಸಿರಿನಷ್ಟು ಬಿಟ್ಟಿದ್ದರೆ ಉಂಗುರವೇ ಕುಸಿಯುತ್ತಿತ್ತಂತೆ.

ಇನ್ನು ಆ ಮೂರು ಚುಕ್ಕಿಗಳು.

ಸಾಸಿವೆ ಗಾತ್ರದ ಬೆಳ್ಳಿಯ ಗುಂಡುಗಳನ್ನು ಮೈಮೇಲೆ ಕೂರಿಸುವ ಈ ಕೆಲಸಕ್ಕೆ ಬಾಲಿಯಲ್ಲಿ ಜವಾನ್ ಎನ್ನುತ್ತಾರೆ. ನಮ್ಮ ಕಡೆಯ ರವೆ ಕೆಲಸ ಅದೇ. ಗುಂಡು ಮಾಡುವುದು ಮಕ್ಕಳಾಟ. ತಂತಿಯನ್ನು ಸಣ್ಣ ಸಣ್ಣ ಚೂರು ಮಾಡಿ ಇದ್ದಿಲ ಮೇಲಿಟ್ಟು ಉರಿ ತೋರಿಸಿದರೆ ಒಂದೊಂದು ಚೂರೂ ಕರಗಿ, ತಾನೇ ಮುದುಡಿ, ತಿರುಗುತ್ತಾ ಗುಂಡಾಗುತ್ತದೆ. ಮಳೆಹನಿ ದುಂಡಾಗುವ ಕಾರಣವೇ ಇಲ್ಲಿಯದೂ. ಆದರೆ ದುಂಡನೆಯ ಉಂಗುರದ ಮೇಲೆ ದುಂಡನೆಯ ಗುಂಡು ನಿಲ್ಲುವುದು ಹೇಗೆ? ಉರಿಯ ಗಾಳಿಗೇ ಹಾರಿಹೋಗುತ್ತದಲ್ಲ.

ಬ್ಲಿ ಒಂದು ಗಾಜಿನ ಶೀಶೆ ತೆಗೆದ. ಅದರೊಳಗೆ ಗುಲಗಂಜಿ! ಕೆಂಪು ಮೈ, ಕಪ್ಪು ಕಣ್ಣು. ನಮ್ಮ ಅಜ್ಜಂದಿರ ಕಾಲದಲ್ಲಿ ಚಿನ್ನ ತೂಗಿದ ಅದೇ ಬೀಜ. ಅಲ್ಲಿ ಅದಕ್ಕೆ ಪಿಲಿಂಗ್-ಪಿಲಿಂಗ್ ಎಂದು ಹೆಸರು. ತೂಕಕ್ಕಲ್ಲ, ಅಂಟಿಗೆ. ಒರಟು ಕಲ್ಲಿನ ಮೇಲೆ ಎರಡು ಹನಿ ನೀರು ಬಿಟ್ಟು ಗಂಧ ತೇಯ್ದಂತೆ ತೇಯ್ದ. ತೆಳ್ಳನೆಯ ಗಂಜಿಯಂಥ ಅಂಟು ಬಂತು. ಅದರಲ್ಲಿ ಗುಂಡನ್ನು ಅದ್ದಿ ಚಿಮಟದಲ್ಲಿ ಎತ್ತಿಟ್ಟರೆ ಹಿಡಿದುಕೊಳ್ಳುತ್ತದೆ. ಮೇಲೆ ಬಿಳಿಗಾರ ಬೆರೆಸಿದ ಬೆಸುಗೆಯ ಪುಡಿ ಉದುರಿಸಬೇಕು. ಬೆಂಕಿಗೆ ಅಂಟು ಸುಟ್ಟುಹೋಗುವ ಹೊತ್ತಿಗೆ ಬೆಸುಗೆ ಕರಗಿ ಗುಂಡಿನ ಬುಡ ಹಿಡಿದಿರುತ್ತದೆ. ಒಂದು ಕೈಬಿಟ್ಟು ಇನ್ನೊಂದು ಕೈ ಹಿಡಿಯುವ ಆ ಸಂದಿಯಲ್ಲಿ ಎಲ್ಲ ಇದೆ. ಗುಲಗಂಜಿಯೊಳಗಿನದು ಘೋರ ವಿಷವಾದ್ದರಿಂದ, ತೇಯ್ದಾದ ಮೇಲೆ ಸೋಪು ಹಚ್ಚಿ ಕೈ ತೊಳೆಯುವವರೆಗೂ ಅವನು ನಮಗೆ ಚಹಾ ಕೊಡಲಿಲ್ಲ.

ನಾನು ಇಟ್ಟ ಮೊದಲ ಗುಂಡು ಉರುಳಿತು. ಎರಡನೆಯದು ನಿಂತಿತು. ಮೂರನೆಯದನ್ನು ಇಡುವಾಗ ಚಿಮಟ ಎರಡನೆಯದಕ್ಕೆ ತಾಗಿ ಎರಡೂ ಬಿದ್ದವು. ಹೀಗೆ ಇಪ್ಪತ್ತು ನಿಮಿಷ. ಕೊನೆಗೆ ಒಂದನ್ನು ನಾನಿಟ್ಟೆ. ಉಳಿದೆರಡನ್ನು ಬ್ಲಿ, ತನ್ನ ಮಗಳಿಗೆ ಏನೋ ಹೇಳುತ್ತಾ, ನನ್ನ ಕಡೆ ನೋಡುತ್ತಾ, ಟಕ್ ಟಕ್ ಎಂದು ಇಟ್ಟುಬಿಟ್ಟ. ಉರಿ ಹಿಡಿದದ್ದು ನಾನು, ತಿದಿ ತುಳಿದದ್ದು ಅವನು. ‘ನಾನೇ ಮಾಡಿದ್ದು’ ಎಂಬ ನನ್ನ ಮಾತು ತೊದಲುವುದು ಇಲ್ಲೇ. ಇಂಥ ತರಗತಿಗಳಲ್ಲಿ ಕೊನೆಯ ಅರ್ಧ ಗಂಟೆಗೆ ಗುರುವಿನ ಕೈ ಬಂದೇ ಬರುತ್ತದೆ. ಮುಂದಿನ ತಂಡ ಹೊರಗೆ ಕಾದಿರುತ್ತದೆ. ಅದು ಬೇಡವಾದರೆ ದಿನದ ಕೊನೆಯ ಹೊತ್ತಿನ ತರಗತಿಗೆ ಹೋಗಬೇಕು, ಹೋಗಿ ಆಕೃತಿಯನ್ನು ಇನ್ನೂ ಸರಳ ಮಾಡಿಕೊಳ್ಳಬೇಕು. ನನಗಂತೂ ಒಂದೇ ಚುಕ್ಕಿ ಸಾಕಿತ್ತು.

ಅರದಿಂದ ಉಜ್ಜಿದಾಗ ಉದುರಿದ ಪುಡಿಯನ್ನು ಅವನು ಮೊಣಕಾಲ ಮೇಲಿನ ಚರ್ಮದ ಮಡಿಲಿನಿಂದ ಕುಂಚದಲ್ಲಿ ಗುಡಿಸಿ ಡಬ್ಬಕ್ಕೆ ಹಾಕಿಕೊಂಡಾಗ ನನ್ನ ತಲೆಯಲ್ಲಿ ‘ಅಕ್ಕನ ಚಿನ್ನವಾದರೂ ಅಕ್ಕಸಾಲೆ ಗುಂಜಿ ಬಿಡ’ ಎಂಬ ಗಾದೆ ಹಾದುಹೋದದ್ದು ನಿಜ. ಆ ಪುಡಿಗೆ ಹಿತ್ತಾಳೆ ಸೇರಿಸಿ ಕರಗಿಸಿ, ಮತ್ತೆ ಅರದಲ್ಲಿ ಉಜ್ಜಿದರೆ ಬೆಸುಗೆಯ ಪುಡಿ. ನನ್ನ ಮೂರು ಚುಕ್ಕಿಗಳನ್ನು ಹಿಡಿದದ್ದು ನನಗಿಂತ ಮುಂಚೆ ಬಂದುಹೋದ ಯಾರದೋ ಉಂಗುರದ ಧೂಳು.

ಬೆಂಕಿಯಿಂದ ಬಂದ ಉಂಗುರ ಮಸಿಯಾಗಿತ್ತು. ತಾಮ್ರ ಮೇಲೆದ್ದು ಕಪ್ಪಾಗುವುದು ಅದು. ಹುಳಿನೀರಿನಲ್ಲಿ ಕುದಿಸಿ ತೆಗೆದರೆ ಸುಣ್ಣ ಬಳಿದಂತೆ ಬೆಳ್ಳಗೆ, ಹೊಳಪೇ ಇಲ್ಲ. ಆಮೇಲೆ ಬ್ಲಿಯ ಹೆಂಡತಿ ಒಂದು ಬಟ್ಟಲು ನೊರೆನೀರು ತಂದಿಟ್ಟಳು. ಮೂಗಿಗೆ ಬಡಿದ ವಾಸನೆಗೆ ನಾನು ಒಂದು ಕ್ಷಣ ಸಾಗರದ ನಮ್ಮ ಬಚ್ಚಲುಮನೆಯಲ್ಲಿದ್ದೆ. ಅಂಟುವಾಳ. ಅಲ್ಲಿ ಲೆರಕ್ ಎನ್ನುತ್ತಾರೆ. ಹಿತ್ತಾಳೆ ತಂತಿಯ ಬ್ರಶ್ಶನ್ನು ಆ ನೀರಿಗದ್ದಿ ತಿಕ್ಕುತ್ತಾ ಹೋದಂತೆ ಸುಣ್ಣದ ಕೆಳಗಿನಿಂದ ಬೆಳ್ಳಿ ಎದ್ದು ಬಂತು. ಇಡೀ ಮಧ್ಯಾಹ್ನದಲ್ಲಿ ಯಾರೂ ತಿದ್ದದೆ ನಾನು ಮಾಡಿದ ಕೆಲಸ ಇದೊಂದೇ. ಅಮ್ಮ ದೀಪಾವಳಿಗೆ ದೇವರ ಸಾಮಾನು ತಿಕ್ಕಿಸಿದ್ದು ಸಾರ್ಥಕವಾಯಿತು.

ತೂಕ ಹಾಕಿದಾಗ 4.8 ಗ್ರಾಂ.

ಊರಿಗೆ ಹೋದಾಗ ಉಂಗುರವನ್ನು ನಮ್ಮ ಆಚಾರ್ರಿಗೆ ತೋರಿಸಿದೆ. ಅಷ್ಟರಲ್ಲಿ ಒಂದು ಚುಕ್ಕಿ ಎಲ್ಲಿಯೋ ಬಿದ್ದುಹೋಗಿತ್ತು. ಅವರು ಕಣ್ಣಿಗೆ ಭೂತಗನ್ನಡಿ ಏರಿಸಿ, ಉಂಗುರ ತಿರುಗಿಸಿ, ಕೂಡಿನ ಮೇಲೆ ಉಗುರು ಎಳೆದರು.

‘ಬೆಸುಗೆ ನೀವು ಹಾಕಿದ್ದಾ?’

‘ಹೌದು.’

‘ಅಡ್ಡಿಲ್ಲ.’ ಮತ್ತೆ ಚುಕ್ಕಿಗಳ ಕಡೆ ತಿರುಗಿಸಿದರು. ‘ಇವೆರಡು ಬೇರೆಯವರ ಕೈ. ಬಿದ್ದದ್ದು ನಿಮ್ಮದು.’

ಕೂಲಿ ಎಷ್ಟಾದರೂ ಆಗಲಿ, ಮತ್ತೆ ಕೂರಿಸಿಕೊಡಿ ಎಂದೆ. ಈ ಅಂಗಡಿಯಲ್ಲಿ ಅಮ್ಮನ ಜೊತೆ ಕೂತು ಕೂಲಿಗೆ ಚೌಕಾಸಿ ಮಾಡಿದ್ದು ಎಷ್ಟು ಸಲವೋ; ಆಚಾರ್ರಿಗೂ ಅದು ನೆನಪಾಯಿತೋ ಏನೋ, ನಕ್ಕರು. ‘ಬ್ಯಾಡ ಮಾರಾಯ್ರೆ. ಅದಕ್ಕೆ ಬೆಂಕಿ ತೋರ್ಸಿದ್ರೆ ಇವೆರಡೂ ಎದ್ದು ಬರ್ತಾವೆ. ಇರ್ಲಿ ಬಿಡಿ.’

ಹಾಗೆಯೇ ಇದೆ. ಮೂರನೆಯ ಚುಕ್ಕಿಯ ಜಾಗದಲ್ಲೊಂದು ಸಣ್ಣ ಗುಳಿ, ಅದರಲ್ಲಿ ಸೋಪು ಕೂರುತ್ತದೆ. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ತೆಗೆಯುತ್ತೇನೆ.