ಸೇತುವೆಯನ್ನು ಎಷ್ಟು ನಂಬಬಹುದು?

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಕೋಹ್ಯಾರಿ ಎಂಬ ಹೊಳೆಯುಂಟು. ಅದರ ಮೇಲೆ ೧೯೫೪ರಲ್ಲಿ ಹೆದ್ದಾರಿಯ ಸೇತುವೆಯೊಂದನ್ನು ಕಟ್ಟಿ ಮುಗಿಸಿದರು. ಮರುವರ್ಷವೇ ಭಾರಿ ನೆರೆ ಬಂದಿತು, ಸೇತುವೆ ನಿಂತಿತು. ಆದರೆ ೧೯೮೭ರ ಏಪ್ರಿಲ್ ೫ರಂದು, ಮಳೆಯ ನೀರೂ ಕರಗಿದ ಹಿಮದ ನೀರೂ ಕೂಡಿ ಹೊಳೆ ಉಕ್ಕಿದಾಗ, ಅದರ ಕಂಬವೊಂದು ಉರುಳಿತು. ಅದು ಹೊತ್ತಿದ್ದ ಸೇತುವೆಯ ಎರಡು ಭಾಗಗಳು ವಾಹನಗಳ ಸಮೇತ ನೀರಿಗೆ ಬಿದ್ದು ಹತ್ತು ಮಂದಿ ಮಡಿದರು. ವಿಚಿತ್ರವೆಂದರೆ, ಈ ನೆರೆ ೧೯೫೫ರ ನೆರೆಗಿಂತ ಸಣ್ಣದು. ದೊಡ್ಡದನ್ನು ತಡೆದುಕೊಂಡ ಸೇತುವೆ ಸಣ್ಣದಕ್ಕೆ ಸೋತದ್ದೇಕೆ?

ಕಡಲ ತೀರದಲ್ಲಿ ನಿಂತವರಿಗೆ ಉತ್ತರ ಅರ್ಧ ಗೊತ್ತು. ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳು ಜಾರಿಹೋಗುವುದಷ್ಟೆ. ಹೊಳೆಯಲ್ಲಿಯೂ ಕಂಬಕ್ಕೆ ಬಡಿದ ನೀರಿನ ಒಂದು ಪಾಲು ಕೆಳಮುಖವಾಗಿ ತಿರುಗಿ, ಸುಳಿಯಾಗಿ ಬುಡವನ್ನು ಸುತ್ತಿ, ತಳದ ಮಣ್ಣನ್ನು ಎತ್ತಿ ಒಯ್ಯುತ್ತದೆ. ಇದನ್ನು ಬುಡಕೊರೆತವೆನ್ನೋಣ. ಸ್ಕೋಹ್ಯಾರಿಯ ಕಂಬಗಳಿಗೆ ಆಳಕ್ಕೆ ಇಳಿಸಿದ ಪೈಲುಗಳ ಆಧಾರವಿರಲಿಲ್ಲ. ಪ್ರಾಚೀನ ಹಿಮನದಿ ಬಿಟ್ಟುಹೋದ ಗಟ್ಟಿ ಮಣ್ಣಿನ ಮೇಲೆ ಅಗಲವಾದ ತಳಪಾಯವನ್ನು ಇರಿಸಿದ್ದರು. ಅದರ ರಕ್ಷಣೆಗೆಂದು ಸುರಿದಿದ್ದ ಕಲ್ಲುಗಳು ವರ್ಷಗಳ ಪ್ರವಾಹಗಳಲ್ಲಿ ಸರಿದುಹೋಗಿದ್ದವು. ಮೇಲೆ ಹಾದುಹೋಗುವವರ ಕಣ್ಣಿಗೆ ಇದಾವುದೂ ಬೀಳುವಂತಿರಲಿಲ್ಲ.

ಆದುದರಿಂದ ಎಂಜಿನಿಯರರು 'ಸೇತುವೆ ಗಟ್ಟಿಯೇ?' ಎಂದು ಕೇಳುವುದಕ್ಕಿಂತ 'ಬೀಳುವ ಸಂಭವವೆಷ್ಟು?' ಎಂದು ಕೇಳುವುದೇ ಲೇಸು. ಸೇತುವೆಯ ಬಲವಾಗಲಿ ಅದರ ಮೇಲೆ ಬೀಳುವ ಭಾರವಾಗಲಿ ಒಂದೇ ನಿಶ್ಚಿತ ಅಂಕಿಯಲ್ಲ. ಎರಡೂ ಒಂದು ಸರಾಸರಿಯ ಆಚೀಚೆ ಹರಡಿರುತ್ತವೆ. ಬಲದ ಸರಾಸರಿ ೧೦೦, ಮಾನಕ ವಿಚಲನೆ ೯. ಭಾರದ ಸರಾಸರಿ ೫೫, ವಿಚಲನೆ ೧೨ ಎಂದಿಟ್ಟುಕೊಳ್ಳಿ. ಸರಾಸರಿಗಳ ಅಂತರ ೪೫. ವಿಚಲನೆಗಳ ವರ್ಗಗಳನ್ನು ಕೂಡಿಸಿದರೆ ೨೨೫, ಅದರ ವರ್ಗಮೂಲ ೧೫. ೪೫ನ್ನು ೧೫ರಿಂದ ಭಾಗಿಸಿದರೆ ೩. ಇದೇ ವಿಶ್ವಾಸಾರ್ಹತೆಯ ಸೂಚ್ಯಂಕ. ಹರಡಿಕೆ ಗಂಟೆಯಾಕಾರದ ರೇಖೆಯನ್ನು ಅನುಸರಿಸಿದರೆ, ಬೀಳುವ ಸಂಭವ ೭೪೦ರಲ್ಲಿ ಸುಮಾರು ಒಂದು. ಈಗ ಕೊರೆತದಿಂದ ಬಲದ ಸರಾಸರಿ ೮೫ಕ್ಕೆ ಇಳಿಯಲಿ. ಸೂಚ್ಯಂಕ ೨ ಆಗುತ್ತದೆ. ಸಂಭವ ೪೪ರಲ್ಲಿ ಒಂದಕ್ಕೆ ಏರುತ್ತದೆ! ಬಲ ಕುಗ್ಗಿದ್ದು ನೂರಕ್ಕೆ ಹದಿನೈದು, ಅಪಾಯ ಬೆಳೆದದ್ದು ಸುಮಾರು ೧೭ ಪಟ್ಟು.

ಈ ಲೆಕ್ಕದಲ್ಲಿ ಬಲವೂ ಭಾರವೂ ಪರಸ್ಪರ ಸಂಬಂಧವಿಲ್ಲದವೆಂದು ಭಾವಿಸಿದ್ದೇವೆ. ನೆರೆಯ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಕಂಬವನ್ನು ನೂಕುವ ನೀರೇ ಅದರ ಬುಡವನ್ನೂ ಸಡಿಲಿಸುತ್ತದೆ. ನಿಜವಾದ ಅಪಾಯ ಲೆಕ್ಕಕ್ಕಿಂತ ಹೆಚ್ಚೇ ಇರಬಹುದು.

'ನೂರು ವರ್ಷದ ನೆರೆ' ಎಂಬ ಮಾತೂ ಅನೇಕರನ್ನು ದಾರಿ ತಪ್ಪಿಸುತ್ತದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಇದರ ಅರ್ಥವಲ್ಲ. ಯಾವುದೇ ವರ್ಷದಲ್ಲಿ ಅಂಥ ನೆರೆ, ಅಥವಾ ಅದಕ್ಕಿಂತ ದೊಡ್ಡದು, ಬರುವ ಸಂಭವ ನೂರರಲ್ಲಿ ಒಂದು, ಅಷ್ಟೆ. ೭೫ ವರ್ಷ ಬಾಳುವ ಸೇತುವೆಗೆ ಅದು ಒಮ್ಮೆಯೂ ಎದುರಾಗದಿರುವ ಸಂಭವ ೦.೯೯ರ ೭೫ನೆಯ ಘಾತ, ಎಂದರೆ ೦.೪೭. ಎದುರಾಗುವ ಸಂಭವವೇ ಅರ್ಧಕ್ಕಿಂತ ಹೆಚ್ಚು.

ಸ್ಕೋಹ್ಯಾರಿಯ ದುರಂತದ ತರುವಾಯ ಅಮೆರಿಕದಲ್ಲಿ ನೀರಿನ ಮೇಲಣ ಸೇತುವೆಗಳನ್ನು ಬುಡಕೊರೆತದ ದೃಷ್ಟಿಯಿಂದ ಪರೀಕ್ಷಿಸುವ ಪದ್ಧತಿ ಬಲಗೊಂಡಿತು. ಮುಳುಗುಗಾರರು ತಳಕ್ಕಿಳಿದು ನೋಡುತ್ತಾರೆ. ಶಬ್ದತರಂಗಗಳ ಪ್ರತಿಧ್ವನಿಯಿಂದಲೂ ಆಳವನ್ನು ಅಳೆಯುತ್ತಾರೆ. ಇಲ್ಲಿಯೂ ಒಂದು ತೊಡಕುಂಟು. ನೆರೆ ಇಳಿಯುವಾಗ ನೀರು ತಾನೇ ತೋಡಿದ ಗುಂಡಿಯನ್ನು ಸಡಿಲವಾದ ಹೂಳಿನಿಂದ ಮುಚ್ಚಿಬಿಡುತ್ತದೆ. ಮರುವಾರ ಹೋಗಿ ನೋಡಿದವನಿಗೆ ತಳ ಸಮತಟ್ಟಾಗಿಯೇ ಕಾಣುತ್ತದೆ. ಈ ಕಾರಣದಿಂದಲೇ ಕೆಲವು ಸೇತುವೆಗಳ ಕಂಬಕ್ಕೆ ಅಳತೆಯ ಯಂತ್ರಗಳನ್ನು ಜೋಡಿಸಿ, ನೆರೆ ಏರಿರುವಾಗಲೇ ಗುಂಡಿಯ ಆಳವನ್ನು ಗುರುತಿಸುತ್ತಾರೆ; ಅದು ಗೊತ್ತುಮಾಡಿದ ಮಿತಿಯನ್ನು ಮೀರಿದರೆ ಸಂಚಾರವನ್ನು ನಿಲ್ಲಿಸುತ್ತಾರೆ.