ಠಾಣೆಯಲ್ಲಿ ತಿಂದ ಏಟಿಗೆ ಪರಿಹಾರ ಕೇಳಬಹುದೇ?

*ನಮ್ಮದು ರೋಣ ತಾಲ್ಲೂಕಿನ ಸವಡಿ. ಕಳೆದ ವರ್ಷ ಹೆಸರು ಬಿಡಿಸುವ ದಿನಗಳಲ್ಲಿ, ಪಂಪ್‌ಸೆಟ್ ಕಳವಿನ ಅನುಮಾನದ ಮೇಲೆ ನಮ್ಮ ಯಜಮಾನರನ್ನು ಪೊಲೀಸರು ಕರೆದೊಯ್ದು, ಮೂರು ರಾತ್ರಿ ಠಾಣೆಯಲ್ಲೇ ಇಟ್ಟು, ಅಂಗಾಲಿಗೆ ಹೊಡೆದು ಬಿಟ್ಟರು. ಕೇಸೂ ಇಲ್ಲ, ಕೋರ್ಟಿಗೂ ಒಯ್ಯಲಿಲ್ಲ. ಇವರಿಗೆ ಈಗಲೂ ದಿನವಿಡೀ ಹೊಲದಲ್ಲಿ ನಿಲ್ಲಲು ಆಗುವುದಿಲ್ಲ. ಎಂಟು ತಿಂಗಳಾಯಿತು. ಊರ ಹಿರಿಯರೊಬ್ಬರು ‘ಇಪ್ಪತ್ತು ಸಾವಿರ ಕೊಡಿಸುತ್ತೇನೆ, ಈ ಕಾಗದಕ್ಕೆ ಸಹಿ ಮಾಡಿ’ ಎನ್ನುತ್ತಿದ್ದಾರೆ. ಸರ್ಕಾರದ ಮೇಲೆ ದಾವೆ ಹಾಕಲು ನಮ್ಮಂಥವರಿಗೆ ಬರುತ್ತದೆಯೇ?*

ತಂಗಿ, ಬರುತ್ತದೆ. ಆ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. ‘ನಮ್ಮದೇನೂ ತಕರಾರಿಲ್ಲ’ ಎಂದು ಒಮ್ಮೆ ಬರೆದುಕೊಟ್ಟರೆ, ನಾಳೆ ಕೋರ್ಟಿನಲ್ಲಿ ಮೊದಲು ಹೊರಬರುವುದೇ ಅದು. ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. 2016ರ ಜುಲೈನಲ್ಲಿ ಯಮನೂರಿನ ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರೆನ್ನದೆ ಪೊಲೀಸರು ಬಡಿದದ್ದನ್ನು ನಮ್ಮ ಕಡೆಯ ಜನ ಮರೆತಿಲ್ಲ.

ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಮೂರು ರಾತ್ರಿ ಇಟ್ಟುಕೊಂಡದ್ದೇ ಒಂದು ತಪ್ಪು, ಹೊಡೆದದ್ದು ಇನ್ನೊಂದು. ಇದಕ್ಕೆ ಪರಿಹಾರ ಕೇಳಲು ಎರಡು ದಾರಿಗಳಿವೆ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ ಒಂದು, ರೋಣದ ಕೋರ್ಟಿನಲ್ಲಿ ಸಿವಿಲ್ ದಾವೆ ಇನ್ನೊಂದು. ಒಂದನ್ನು ಹಿಡಿದರೆ ಇನ್ನೊಂದು ಮುಚ್ಚುವುದಿಲ್ಲ. ಬಿಹಾರದ ರುದುಲ್ ಸಾಹ್ 1968ರಲ್ಲೇ ಖುಲಾಸೆಯಾಗಿದ್ದರೂ 1982ರವರೆಗೆ ಜೈಲಿನಲ್ಲೇ ಕೊಳೆತರು. 1983ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 30,000 ರೂಪಾಯಿ ಕೊಡಿಸಿ, ಪೂರ್ತಿ ನಷ್ಟಕ್ಕೆ ಸಿವಿಲ್ ದಾವೆ ಹಾಕುವ ಹಕ್ಕನ್ನೂ ಉಳಿಸಿತು. ಮಗನನ್ನು ಪೊಲೀಸ್ ವಶದಲ್ಲಿ ಕಳೆದುಕೊಂಡ ಒಡಿಶಾದ ನೀಲಾಬತಿ ಬೆಹರಾ ಅವರಿಗೆ 1993ರಲ್ಲಿ ಒಂದೂವರೆ ಲಕ್ಷ ಕೊಡಿಸಿದಾಗಲೂ ಈ ಎರಡು ದಾರಿಗಳ ವ್ಯತ್ಯಾಸವನ್ನು ಅದೇ ಕೋರ್ಟ್ ಬಿಡಿಸಿ ಹೇಳಿತು. ನಮ್ಮ ಹೈಕೋರ್ಟೇ 2022ರಲ್ಲಿ, ಕಾರಣವಿಲ್ಲದೆ ಕೈಕೋಳ ಹಾಕಿಸಿಕೊಂಡ ಬೆಳಗಾವಿ ಜಿಲ್ಲೆಯ ಕಾನೂನು ವಿದ್ಯಾರ್ಥಿಯೊಬ್ಬರಿಗೆ 2 ಲಕ್ಷ ಕೊಡುವಂತೆ ಸರ್ಕಾರಕ್ಕೆ ಆದೇಶಿಸಿತು.

ನಿಮ್ಮ ವಿಷಯದಲ್ಲಿ ಪೊಲೀಸರು ‘ನಾವು ಇಟ್ಟುಕೊಂಡೇ ಇಲ್ಲ’ ಎಂದರೆ, ಸಾಕ್ಷಿ ವಿಚಾರಣೆ ಬೇಕು, ಸಿವಿಲ್ ಕೋರ್ಟಿಗೆ ಹೋಗಿ ಎಂದು ಹೈಕೋರ್ಟ್ ಹೇಳಬಹುದು. ಆದ್ದರಿಂದ ದಾವೆಯ ತಯಾರಿಯನ್ನು ಈಗಲೇ ಮಾಡಿ ಎನ್ನುತ್ತೇನೆ. ಕ್ರಿಮಿನಲ್ ಕೇಸಿನ ಹಾಗೆ ಇಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. ನಿಮ್ಮ ಮಾತೇ ಹೆಚ್ಚು ನಂಬುವಂತಿದ್ದರೆ ಸಾಕು. ಕಳೆದುಹೋದ ಕೂಲಿ, ಔಷಧದ ಖರ್ಚು, ನೋವು, ಊರಲ್ಲಿ ಆದ ಅವಮಾನ, ಎಲ್ಲಕ್ಕೂ ಹಣ ಕೇಳಬಹುದು. ಹೊಡೆದ ಅಧಿಕಾರಿಯನ್ನೂ ಪ್ರತಿವಾದಿ ಮಾಡಬಹುದು. ಸರ್ಕಾರಿ ವಕೀಲರು 1965ರ ಕಸ್ತೂರಿಲಾಲ್ ತೀರ್ಪು ಹಿಡಿದು, ಪೊಲೀಸ್ ಕೆಲಸಕ್ಕೆ ಸರ್ಕಾರ ಹೊಣೆಯಲ್ಲ ಎಂದು ವಾದಿಸಬಹುದು. ರಿಟ್ ಅರ್ಜಿಗೆ ಆ ವಾದ ತಾಗುವುದಿಲ್ಲ ಎಂದು ನೀಲಾಬತಿ ತೀರ್ಪೇ ಹೇಳಿದೆ. ಎರಡೂ ದಾರಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ವಕೀಲರು ಬೇಕೆನ್ನುವುದು ಇದಕ್ಕೇ.

ನನಗೆ ಚಿಂತೆ ಇರುವುದು ದಿನಗಳದ್ದು. ಅಕ್ರಮ ಬಂಧನದ ದಾವೆಗೆ, ಬಿಡುಗಡೆಯಾದ ದಿನದಿಂದ ಒಂದೇ ವರ್ಷದ ಅವಧಿ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸ್ ಕೊಡಬೇಕು. ಆ ಎರಡು ತಿಂಗಳು ಲೆಕ್ಕದಿಂದ ಬಿಟ್ಟುಹೋಗುತ್ತದೆ ನಿಜ, ಆದರೂ ಅದನ್ನು ನೆಚ್ಚಿಕೊಂಡು ಕೂರಬೇಡಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಘಟನೆ ನಡೆದ ಒಂದು ವರ್ಷದೊಳಗೇ ದೂರು ಹೋಗಬೇಕು. ಆಯೋಗ ಪರಿಹಾರಕ್ಕೆ ಶಿಫಾರಸು ಮಾಡುತ್ತದೆ, ಅದು ಕೋರ್ಟಿನ ಡಿಕ್ರಿಯಲ್ಲ.

ಇನ್ನೊಂದು ಮುಖ್ಯ ಮಾತು. ಠಾಣೆಗಳಲ್ಲಿ ಸಿಸಿಟಿವಿ ಇಡಬೇಕು, ಅದರ ದಾಖಲೆಯನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಕಾಯ್ದಿಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ಆ ಮೂರು ದಿನಗಳ ದೃಶ್ಯ ಅಳಿಸದಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಈ ವಾರವೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರೆಯಿರಿ, ರಸೀದಿ ಜೋಪಾನ ಮಾಡಿ.

ವಕೀಲರ ಫೀಗೆ ಹೊಲ ಅಡವಿಡಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕಡಿಮೆ ಆದಾಯದವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ, ಕೋರ್ಟ್ ಶುಲ್ಕದ ಭಾರವೂ ಇರುವುದಿಲ್ಲ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಯಜಮಾನರನ್ನೂ ಕರೆದುಕೊಂಡು ಹೋಗಿ. ದವಾಖಾನೆಯ ಓಪಿಡಿ ಚೀಟಿ, ಔಷಧದ ಬಿಲ್ಲು, ಬಾತ ಕಾಲಿನ ಫೋಟೋ ಇದ್ದರೆ ಆ ಮೊಬೈಲು, ಅವರನ್ನು ಜೀಪಿಗೆ ಹತ್ತಿಸಿದ್ದನ್ನು ಕಂಡವರ ಹೆಸರು ಕೈಯಲ್ಲಿರಲಿ. ವಕೀಲರಿಗೆ ಜೆರಾಕ್ಸ್ ಕೊಡಿ. ಮೂಲ ಚೀಟಿ ನಿಮ್ಮ ಹತ್ತಿರವೇ ಇರಲಿ.